ಲೈನಿಗೆ ತಲುಪದ ಕಾಗದ

“ಆನೆ” ಎಂಬ ಎರಡಕ್ಷರದ ಮೇಲೆ ಸಬ್‌ಇನ್ಸ್‌ಪೆಕ್ಟರ್ ಮಾನಸಳ ಬೆರಳು ನಿಂತುಬಿಟ್ಟಿತು.

“ಶೀಲಾ ಮೇಡಂ, ಈ ಸಾಲನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿ.”

ಹೊನ್ನಗುಡ್ಡ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ ಶೀಲಾ ಕನ್ನಡಕ ಸರಿಪಡಿಸಿಕೊಂಡರು. ಮೂರು ದಿನಗಳಿಂದ ಆ ಕಾಗದವನ್ನು ಓದಿ ಓದಿ ಅವರಿಗೆ ಬಾಯಿಪಾಠವಾಗಿತ್ತು. 

“‘ಅವ್ವ, ಸಂಜೆ ಆರರ ಮ್ಯಾಲೆ ಸೌದೆಗೆ ಹೋಗ್ಬೇಡ. ಆನೆ ಅಡ್ಡ ಬಂದಾವು.’”

“ತಾರೀಖು?”

“ಇಪ್ಪತ್ತು, ಆರು, ತೊಂಬತ್ತೊಂಬತ್ತು.”

ಕಾಗದದ ಕೊನೆಯಲ್ಲಿದ್ದ ಸಹಿ ಲ್ಯಾನ್ಸ್ ನಾಯಕ್ ಧರ್ಮನದು. ಹೊನ್ನಗುಡ್ಡ ಕಾಫಿ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯೊಂದರಲ್ಲಿ ಹುಟ್ಟಿ, ಕಾರ್ಗಿಲ್ ಯುದ್ಧದಲ್ಲಿ ಶತ್ರುವಿನ ಬಂಕರಿಗೆ ಎಲ್ಲರಿಗಿಂತ ಮೊದಲು ನುಗ್ಗಿ ಪ್ರಾಣ ಕೊಟ್ಟು, ಮರಣೋತ್ತರವಾಗಿ ವೀರಚಕ್ರ ಪಡೆದ ಧರ್ಮ. ನಾಡಿದ್ದು ಗಣರಾಜ್ಯೋತ್ಸವದಂದು ಈ ಶಾಲೆಗೆ ಅವನ ಹೆಸರನ್ನಿಡುವುದೆಂದು ಊರು ತೀರ್ಮಾನಿಸಿತ್ತು. ಅಷ್ಟರಲ್ಲಿ ಹೆಸರಿಲ್ಲದ ಲಕೋಟೆಯಲ್ಲಿ ಈ ಕಾಗದ ಬಂದಿತ್ತು. ‘ಮೊದಲ ರಾತ್ರಿಯೇ ನಾನು ಪೋಸ್ಟ್ ಬಿಟ್ಟು ಓಡಿದೆ. ನನ್ನಿಂದ ಇಬ್ಬರು ಸತ್ತರು. ನಾಳೆ ಯಾರು ನನ್ನನ್ನು ಹೊಗಳಿದರೂ ನಂಬಬೇಡ’ ಎಂದು ಧರ್ಮನೇ ತಾಯಿಗೆ ಬರೆದಂತೆ.

ಸಂಜೆ ನಾಲ್ಕಕ್ಕೆ ಇದೇ ಶಾಲೆಯಲ್ಲಿ, ಊರವರ ಮುಂದೆ, ನಾಮಕರಣ ಸಮಿತಿಯ ಸಭೆ. ಕಾಗದ ಸುಳ್ಳೆಂದು ಅಷ್ಟರೊಳಗೆ ಸಾಬೀತಾಗದಿದ್ದರೆ ಧರ್ಮನ ಹೆಸರಿನ ಫಲಕ ಕೆಳಗಿಳಿಯುತ್ತದೆ. ಅಷ್ಟೇ ಆಗಿದ್ದರೆ ಬೇರೆ ಮಾತು. ವೀರಚಕ್ರವನ್ನೇ ಹಿಂಪಡೆಯಬೇಕೆಂದು ದೆಹಲಿಗೆ ಬರೆದ ಮನವಿಯೊಂದು ಸಮಿತಿಯ ಅಧ್ಯಕ್ಷ, ಎಸ್ಟೇಟಿನ ಮಾಲೀಕ ಪ್ರತಾಪರ ಕೈಯಲ್ಲಿ ಆಗಲೇ ಸಿದ್ಧವಾಗಿತ್ತು.

ಬದುಕಿರುವವನ ಮೇಲೆ ಕಲ್ಲೆಸೆದರೆ ಅವನು ತಿರುಗಿ ನಿಲ್ಲಬಹುದು. ಸತ್ತವನ ಮೇಲೆ ಕೆಸರೆರಚುವವನಿಗೆ ಎದುರಾಳಿಯೇ ಇಲ್ಲ. ಅಪರಾಧಗಳಲ್ಲೆಲ್ಲ ಹೇಡಿಯ ಅಪರಾಧ ಅದೇ. ಮಾನಸ ಕಾಗದವನ್ನು ಹಿಡಿದು ಜಗಲಿಗೆ ಬಂದಳು.

ಧರ್ಮನ ತಾಯಿ ಚೆಲುವಮ್ಮ ಬೆಳಗಿನಿಂದ ಅಲ್ಲೇ ಕುಳಿತಿದ್ದಳು. ಎಪ್ಪತ್ತೆಂಟರ ಮುದುಕಿ. ಅರ್ಧ ನೀಲಿ, ಅರ್ಧ ಕೇಸರಿ ಪಟ್ಟಿಯ ಬೆಳ್ಳಿಯ ಪದಕವನ್ನು ಸೆರಗಿನ ಬಲಭಾಗಕ್ಕೆ ಚುಚ್ಚಿಕೊಂಡಿದ್ದಳು. ಗೆದ್ದವನು ಎಡಕ್ಕೆ ಧರಿಸಬೇಕು, ಅವನನ್ನು ಕಳೆದುಕೊಂಡವರು ಬಲಕ್ಕೆ ಎಂದು ಪಲ್ಟನ್ನಿನವರು ಹೇಳಿಕೊಟ್ಟದ್ದನ್ನು ಇಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ತಪ್ಪಿರಲಿಲ್ಲ.

“ಅಜ್ಜಿ, ಧರ್ಮ ಸೈನ್ಯಕ್ಕೆ ಹೋದಾಗ ನಮ್ಮೂರಲ್ಲಿ ಆನೆ ಕಾಟ ಹೇಗಿತ್ತು?”

“ಆನೆಯಾ?” ಚೆಲುವಮ್ಮ ನಕ್ಕಳು. “ಆಗ ಆನೆ ಎಲ್ಲಿತ್ತು ಕೂಸೆ? ಹಂದಿ ಇತ್ತು, ಮುಳ್ಳುಹಂದಿ ಇತ್ತು. ಆನೆ ನೋಡ್ಬೇಕು ಅಂದ್ರೆ ಬಿಸಿಲೆ ಕಾಡಿನ ಕಡೆ ಹೋಗ್ಬೇಕಾಗಿತ್ತು. ಧರ್ಮ ಆನೆ ನೋಡಿದ್ದು ಸರ್ಕಸ್ಸಲ್ಲಿ ಕಣವ್ವ, ಹಾಸನದಲ್ಲಿ. ನಾಕು ದಿವ್ಸ ಅದೇ ಮಾತು. ಈಗ ನೋಡು, ನಮ್ಮನೆ ಹಲಸಿನಣ್ಣಿಗೆ ನಮಗಿಂತ ಮೊದ್ಲು ಅವೇ ಬತ್ತವೆ, ನೆಂಟ್ರಂಗೆ.”

ಮಾನಸ ತಟ್ಟನೆ ಒಳಗೆ ತಿರುಗಿದಳು. “ಮೇಡಂ, ಶಾಲೆಗೆ ವಿಶೇಷ ರಜೆ ಕೊಟ್ಟ ದಾಖಲೆ ಇದೆಯೇ?”

ಇತ್ತು. ಶಾಲೆಯೆಂದರೆ ಸುಣ್ಣ ಬಳಿದ ಗೋಡೆಯಲ್ಲ, ಬರೆದಿಟ್ಟ ಸತ್ಯ ಎಂದು ನಂಬಿದ್ದ ಹಳೆಯ ಮೇಷ್ಟರುಗಳ ಪುಣ್ಯ. ದಪ್ಪ ಪುಸ್ತಕದ ಹಾಳೆಗಳನ್ನು ಶೀಲಾ ಒಂದೊಂದಾಗಿ ತಿರುವಿದರು. ಗಾಳಿಮಳೆಗೆ ರಜೆ, ಚುನಾವಣೆಗೆ ರಜೆ, ಧರ್ಮನ ಪಾರ್ಥಿವ ಶರೀರ ಬಂದ ದಿನ ರಜೆ. ಎರಡು ಸಾವಿರದ ಏಳರ ನವೆಂಬರಿಗೆ ಬಂದಾಗ ಅವರ ಕೈ ನಿಂತಿತು. ಅಂದಿನ ಮುಖ್ಯೋಪಾಧ್ಯಾಯರು ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಗ್ರಾಮಕ್ಕೆ ಕಾಡಾನೆಗಳು ಬಂದ ಪ್ರಯುಕ್ತ ಮಧ್ಯಾಹ್ನದ ಮೇಲೆ ರಜೆ. ಈ ಗ್ರಾಮದಲ್ಲಿ ಇದೇ ಪ್ರಥಮ.’

“ಧರ್ಮ ತೀರಿಕೊಂಡ ಎಂಟು ವರ್ಷಗಳ ಮೇಲೆ,” ಎಂದರು ಶೀಲಾ.

“ಹೌದು. ಕಾಗದ ಸಹಜವಾಗಿ ಕಾಣಲಿ ಎಂದು ಬರೆದವನು ಊರಿನ ಒಂದು ಮಾತು ಸೇರಿಸಿದ. ಈಗ ಈ ಬೆಟ್ಟಗಳಲ್ಲಿ ಯಾರು ಯಾರೊಡನೆ ಮಾತಾಡಿದರೂ ಮೊದಲ ಮಾತು ಆನೆಯದು. ಒಂದು ಕಾಲದಲ್ಲಿ ಆನೆ ಇರಲಿಲ್ಲ ಎಂಬುದೇ ಅವನಿಗೆ ಮರೆತುಹೋಗಿದೆ. ಹೊರಗಿನವನು ಈ ತಪ್ಪು ಮಾಡುತ್ತಿರಲಿಲ್ಲ. ಇವನು ಇಲ್ಲಿಯವನೇ.”

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್ಸ್‌ಟೇಬಲ್ ಹುಚ್ಚಣ್ಣ ಟೋಪಿ ತೆಗೆದು ತಲೆ ಕೆರೆದುಕೊಂಡ. “ಆನೆ ಸಾಕ್ಷಿ ಹೇಳಿದ್ದು ನನ್ನ ಸರ್ವೀಸಲ್ಲಿ ಇದೇ ಮೊದ್ಲು ಮೇಡಂ. ಸಮನ್ಸ್ ಕೊಡಕ್ಕೆ ಯಾರನ್ನ ಕಳಿಸಾಣ?”

“ನಗಬೇಡಿ ಹುಚ್ಚಣ್ಣ, ಇನ್ನೂ ಅರ್ಧ ದಾರಿ ಇದೆ. ಕೈಬರಹ ಧರ್ಮನದೇ ಎಂದು ಪಲ್ಟನ್ನಿನವರು ಕಳಿಸಿದ ಅವನ ಕಾಗದಗಳ ಚಿತ್ರಗಳೊಡನೆ ಹೋಲಿಸಿದವರು ಹೇಳಿದ್ದಾರೆ. ಅಂದರೆ ನಕಲು ಮಾಡಿದವನ ಎದುರಿಗೆ ಒಂದು ಅಸಲು ಇತ್ತು. ಎಲ್ಲಿಂದ ಬಂತು ಅದು? ಅಜ್ಜಿ, ಧರ್ಮನ ಕಾಗದಗಳು ಎಷ್ಟಿದ್ದವು?”

“ಮೂರೇ ಕಣವ್ವ. ಮೂರನ್ನೂ ಪಲ್ಟನ್ನಿನೋರು ಗಾಜಿನ ಪೆಟ್ಟಿಗೇಲಿ ಇಡ್ತೀವಿ ಅಂತ ಇಸ್ಕಂಡ್ ಹೋದ್ರು. ಎರಡು ಸಾವಿರದ ಮೂರರಲ್ಲಿ.”

“ಊರಲ್ಲಿ ಒಂದೂ ಉಳಿದಿಲ್ಲ?”

“ಒಂದೂ ಇಲ್ಲ.”

“ಹಾಗಿದ್ದರೆ ನಾಲ್ಕನೆಯದೊಂದು ಇರಲೇಬೇಕು. ಆಗ ಲೈನಿಗೆ ಅಂಚೆಯವನು ಬರುತ್ತಿದ್ದನೇ?”

“ಅಯ್ಯೋ, ಲೈನಿಗೆ ಯಾವ ಅಂಚೆಯೋನು ಬತ್ತಾನೆ? ಹಾನುಬಾಳ್ ಪೋಸ್ಟಾಫೀಸಿಂದ ಎಸ್ಟೇಟಿನ ಟಪ್ಪಾಲು ಚೀಲದಲ್ಲಿ ಬರ್ತಿತ್ತು. ರೈಟರ್ ಬಸವಯ್ಯನೋರು ತಗ್ದು, ಅವ್ರೇ ಓದಿ ಹೇಳೋರು. ದೇವ್ರಂಥ ಮನ್ಸ. ಸ್ಟೋರಿನ ಜಗಲಿ ಮೇಲೆ ಕಂದೀಲು ಹಚ್ಚಿ ಲೈನಿನ ಹದ್ನಾಕು ಮಕ್ಕಳಿಗೆ, ನನ್ ಮಗಂಗೂವೆ, ಕೈ ಹಿಡಿದು ಅಕ್ಷರ ತಿದ್ದಿಸಿದ್ದೂ ಅವ್ರೇಯ.”

ಮಾನಸ ಹುಚ್ಚಣ್ಣನ ಮುಖ ನೋಡಿದಳು. ಹುಚ್ಚಣ್ಣ ಆಗಲೇ ಜೀಪಿನ ಕೀಲಿ ಕೈಗೆತ್ತಿಕೊಂಡಿದ್ದ.

“ಸಭೆ ಶುರುವಾದರೆ ಆನೆಯ ವಿಷಯ ತಿಳಿಸಿ,” ಎಂದು ಶೀಲಾರಿಗೆ ಹೇಳಿ ಅವಳು ಹೊರಟಳು. ಹಾಗೆ ಹೇಳಿದ್ದು ಆತುರವಾಯಿತು ಎಂಬುದು ಆಗ ಅವಳಿಗೆ ತಿಳಿಯಲಿಲ್ಲ.

*

ಎಸ್ಟೇಟಿನ ಮೇಲ್ಗಡೆಯ ಗೇಟಿನ ಪಕ್ಕದಲ್ಲಿ ಬಸವಯ್ಯನ ಮನೆ. ಮೂವತ್ತೈದು ವರ್ಷ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಕೆಲಸ ಮಾಡಿ ನಿವೃತ್ತನಾದವನಿಗೆ ಎಸ್ಟೇಟು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಹೆಂಚಿನ ಮನೆ. ಅಂಗಳದಲ್ಲಿ ಹರಡಿದ ಕಾಫಿ ಹಣ್ಣನ್ನು ಅವನು ಮರದ ಗೋರೆಯಿಂದ ಸಾಲು ಸಾಲಾಗಿ ಎಳೆಯುತ್ತಿದ್ದ. ಸಾಲುಗಳು ಕಾಪಿ ಪುಸ್ತಕದ ಗೆರೆಗಳಂತೆ ನೇರವಾಗಿದ್ದವು.

“ಬನ್ನಿ ಮೇಡಂ, ಬನ್ನಿ. ಕಾಫಿ ಕುಡೀತೀರಾ?”

“ಆಮೇಲೆ ಆಗಲಿ ಬಸವಯ್ಯನವರೇ. ಮಗಳು ಹೇಗಿದ್ದಾರೆ? ಆಲೂರಿನಲ್ಲಲ್ಲವೇ?”

“ಚೆನ್ನಾಗವ್ಳೆ. ದಿನಾ ಸಂಜೆ ಫೋನ್ ಮಾಡ್ತಾಳೆ.”

“ಫೋನ್ ಬಂದ ಕೂಡಲೇ ಮೊದಲು ಏನು ಹೇಳುತ್ತೀರಿ ಅವರಿಗೆ?”

ಬಸವಯ್ಯ ನಕ್ಕ. “ಇನ್ನೇನೈತೆ ಹೇಳಕ್ಕೆ? ಆನೆ ಬಂದಿತ್ತು, ಹೋಯ್ತು, ಹುಷಾರಾಗಿರು ಅಂತ. ಈ ಸೀಮೇಲಿ ಆನೆ ಬುಟ್ರೆ ಬೇರೆ ಮಾತು ಉಂಟಾ?”

“ತೊಂಬತ್ತೊಂಬತ್ತರಲ್ಲೂ ಅದನ್ನೇ ಹೇಳುತ್ತಿದ್ದಿರಾ?”

ಗೋರೆ ನಿಂತಿತು.

ಮಾನಸ ಕಾಗದ ತೆಗೆದು, ಆ ಸಾಲು ಮೇಲೆ ಬರುವಂತೆ ಮಡಿಸಿ ಅವನ ಕಣ್ಣೆದುರು ಹಿಡಿದಳು. ಬಸವಯ್ಯ ಓದಲಿಲ್ಲ. ಓದುವ ಅಗತ್ಯ ಅವನಿಗಿರಲಿಲ್ಲ. ತನ್ನ ಕೆಲಸದಲ್ಲಿ ತಪ್ಪು ಕಂಡುಹಿಡಿದ ಮೇಷ್ಟರ ಮುಂದೆ ನಿಂತವನಂತೆ ತಲೆ ತಗ್ಗಿಸಿದ.

“ಊರಿಗೆ ಆನೆ ಬಂದದ್ದು ಎರಡು ಸಾವಿರದ ಏಳರಲ್ಲಿ. ಶಾಲೆಯ ಪುಸ್ತಕದಲ್ಲಿದೆ. ಸತ್ತವನು ಎದ್ದು ಬಂದು ಬರೆಯಲಿಲ್ಲ. ಇದು ಯಾರ ಕೈ ಬಸವಯ್ಯನವರೇ?”

“ನಂಗೇನು ಗೊತ್ತು ಮೇಡಂ?”

“ಧರ್ಮನಿಗೆ ಅಕ್ಷರ ತಿದ್ದಿಸಿದವರು ಯಾರು?”

ಬಸವಯ್ಯ ಗೋರೆಯ ಹಿಡಿಯನ್ನು ಕೈ ಬದಲಿಸಿ ಹಿಡಿದ.

“ಲೈನಿನ ಮಕ್ಕಳು ಓದಿ ಏನು ದಬ್ಬಾಕಬೇಕು ಎಂದು ಬಂಗಲೆಯವರು ನಕ್ಕ ಕಾಲದಲ್ಲಿ, ಸ್ಟೋರಿನ ಜಗಲಿಯ ಮೇಲೆ ಕಂದೀಲು ಹಚ್ಚಿ ಹದಿನಾಲ್ಕು ಮಕ್ಕಳಿಗೆ ಅಕ್ಷರ ಕಲಿಸಿದವರು ನೀವು. ನನಗೆ ಇದನ್ನು ಹೇಳಿದ್ದು ಯಾರು ಗೊತ್ತೇ? ಚೆಲುವಮ್ಮ. ಈಗ್ಗೆ ಅರ್ಧ ಗಂಟೆಯ ಹಿಂದೆ. ದೇವರಂಥ ಮನುಷ್ಯ ಎಂದಳು. ಅವಳ ಮಗನಿಗೆ ಅಕ್ಷರ ಕೊಟ್ಟ ಕೈಯೇ ಅವನ ಹೆಸರಿಗೆ ಮಸಿ ಬಳಿದಿದೆ ಎಂದು ನಾನು ಹೋಗಿ ಅವಳಿಗೆ ಹೇಳಬೇಕೇ, ನೀವೇ ಬಂದು ಹೇಳುತ್ತೀರಾ?”

ಬಸವಯ್ಯ ಗೋರೆಯನ್ನು ನೆಲಕ್ಕೆ ಹಾಕಿ ಕಣದ ಕಟ್ಟೆಯ ಮೇಲೆ ಕುಕ್ಕರಿಸಿದ.

“ಅವ್ಳಿಗೆ ಹೇಳ್ಬೇಡಿ ತಾಯಿ. ಜೈಲಿಗೆ ಬೇಕಾದ್ರೆ ಹಾಕಿ. ಅವ್ಳಿಗೆ ಮಾತ್ರ ಹೇಳ್ಬೇಡಿ.”

“ಬರೆದವರು ನೀವೇ?”

“ನಾನೇಯ.”

ಹುಚ್ಚಣ್ಣ ತಡೆಯಲಾರದೆ ಗದರಿದ. “ಏನ್ ಮಾರಾಯ್ರೇ ನೀವು! ನಮ್ಮಪ್ಪ ಸತ್ತಾಗ ದೊಡ್ಡಪ್ಪನಿಗೆ ಕಾಗದ ಬರೆಸಿದ್ದು ನಿಮ್ ಕೈಲಿ. ಅದೇ ಕೈಲಿ ಇಂಥಾ ಹಲ್ಕಾ ಕೆಲ್ಸ ಮಾಡ್ಬುಟ್ರಲ್ಲ!”

“ಮಾಡ್ಸಿದ್ರು ಹುಚ್ಚಣ್ಣ. ಪ್ರತಾಪ್ ಸಾಹುಕಾರ್ರು. ಲೈನಿನ ಕೂಲಿ ಮಗನ ಹೆಸ್ರು ಶಾಲೆ ಮೇಲೆ ಬರ್ಬಾರ್ದು ಅಂತ. ‘ಈ ಮನೇಲಿ ಸಾಯ್ಬೇಕಾ, ಬೀದೀಲಿ ಸಾಯ್ಬೇಕಾ, ನೀನೇ ನೋಡ್ಕೊ’ ಅಂದ್ರು. ಎಪ್ಪತ್ತಾರಾಯ್ತು ನಂಗೆ. ಎಲ್ಲಿಗೋಗ್ಲಿ?”

“ಬೀದಿಯಲ್ಲಿ ಸತ್ತವರು ಮರ್ಯಾದೆಯಿಂದ ಸತ್ತದ್ದುಂಟು,” ಎಂದಳು ಮಾನಸ. ಅವಳ ದನಿ ಏರಲಿಲ್ಲ. ಏರದ ದನಿಗೇ ಮುದುಕ ಕುಗ್ಗಿದ. “ನಾಲ್ಕನೆಯ ಕಾಗದ ಎಲ್ಲಿ?”

ಅವನು ಬೆಚ್ಚಿ ನೋಡಿದ.

“ನನಗೆ ಅದು ಇದೆಯೆಂದು ಮಾತ್ರ ಗೊತ್ತು. ಉಳಿದದ್ದನ್ನು ನೀವು ಹೇಳಿ.”

ಬಸವಯ್ಯ ಕಾಲ ಬಳಿ ಉರುಳಿದ್ದ ಕಾಫಿ ಹಣ್ಣೊಂದನ್ನು ಸಾಲಿಗೆ ಸೇರಿಸಿದ. ಆಮೇಲೆ ಬಾಯಿಬಿಟ್ಟ.

“ಬಾಡಿ ಬಂದು ಹನ್ನೊಂದು ದಿವ್ಸಕ್ಕೆ ಬಂತು ಆ ಕಾಗದ. ಲಕೋಟೇಲಿ. ಸತ್ತೋನ ಕಾಗದ, ಚೀಲದಲ್ಲಿ!  ಚೆಲುವಮ್ಮಂಗೆ ಓದಕ್ಕೆ ಮುಂಚೆ ನಾನೊಂದ್ಸಲ ಓದ್ಕಳಾಣ ಅಂತ ತೆಗೆದೆ. ಮೊದಲ್ನೇ ಸಾಲೇ ‘ಅವ್ವ, ನಂಗೆ ಭಯ ಆಗ್ತೈತೆ’ ಅಂತ ಇತ್ತು. ಆವತ್ತು ಲೈನ್ ಮುಂದೆ ಹೆಂಗಿತ್ತು ಗೊತ್ತಾ ತಾಯಿ? ಸಕಲೇಶಪುರದಿಂದ ಜನ, ಹೂವಿನ ಹಾರ, ‘ಹೆದರದ ಗಂಡು’ ಅಂತ ಬಟ್ಟೆ ಮೇಲೆ ಬರ್ದು ಕಟ್ಟಿದ್ರು. ಚೆಲುವಮ್ಮ ಅಳದನ್ನೂ ನಿಲ್ಸಿ ನೆಟ್ಟಗೆ ನಿಂತಿದ್ಲು. ಅಂಥಾ ಹೊತ್ನಲ್ಲಿ ಭಯ ಅಂತ ಹೆಂಗೆ ಓದ್ಲಿ? ಆಮೇಲೆ ಓದಾಣ ಅಂದ್ಕಂಡೆ. ಆ ಆಮೇಲೆ ಅನ್ನದು ಬರ್ಲೇ ಇಲ್ಲ.”

ಕರುಣೆಯಿಂದ ಹುಟ್ಟಿದ ಸುಳ್ಳು ಎಂದು ಅದನ್ನು ಕ್ಷಮಿಸುವವರು ಇದ್ದಾರು. ಮಾನಸ ಕ್ಷಮಿಸಲಿಲ್ಲ. ತಾಯಿಗೆ ಸಲ್ಲಬೇಕಾದ ಮಗನ ಮಾತನ್ನು ತಡೆಯಲು, ಅವಳ ಮರ್ಯಾದೆ ಕಾಯುತ್ತೇನೆಂಬ ನೆಪದಲ್ಲೇ ಆಗಲಿ, ಯಾರಿಗೆ ಹಕ್ಕಿದೆ? ಬಚ್ಚಿಟ್ಟ ಸತ್ಯ ಬಚ್ಚಿಟ್ಟಲ್ಲೇ ಕೊಳೆಯುವುದಿಲ್ಲ. ಕೆಟ್ಟವನ ಕೈಗೆ ಸಿಕ್ಕಿ ಆಯುಧವಾಗುತ್ತದೆ.

“ಎಲ್ಲಿದೆ ಅದು?”

“ಸಾಹುಕಾರ್ರ ಹತ್ರ. ಒಂದ್ಸಲ ಬಾಯ್ತಪ್ಪಿ ಅವ್ರ ಮುಂದೆ ಹೇಳ್ಬುಟ್ಟಿದ್ದೆ. ನಕಲು ಮಾಡಕ್ಕೆ ನೋಡ್ಕಂಡು ಬರಿ ಅಂತ ನನ್ನೆದುರೇ ಕೂತಿದ್ರು. ಬರ್ದಾದ ಮೇಲೆ ಅಸಲನ್ನ ಅವ್ರೇ ಇಸ್ಕಂಡ್ರು.”

ಅಷ್ಟರಲ್ಲಿ ಮಾನಸಳ ಫೋನ್ ಹೊಡೆದುಕೊಂಡಿತು. ಶೀಲಾ. ಗಂಟೆ ನಾಲ್ಕೂಕಾಲು.

“ಮೇಡಂ, ನೀವು ಹೇಳಿದಂತೆ ಆನೆಯ ವಿಷಯ ಹೇಳಿದೆ. ಸಭೆಯಲ್ಲಿ ಚಪ್ಪಾಳೆ ಬಿತ್ತು. ಆದರೆ ಪ್ರತಾಪ್ ಅವರು ನಗುತ್ತಾ ಎದ್ದು ನಿಂತು ಜೇಬಿನಿಂದ ಇನ್ನೊಂದು ಕಾಗದ ತೆಗೆದರು. ‘ಅದು ನಕಲೇ ಇರಬಹುದು, ಇದರಲ್ಲಿ ಆನೆ ಇಲ್ಲ, ಇದನ್ನೂ ಪರೀಕ್ಷೆ ಮಾಡಿಸಿ’ ಎಂದು ಮೈಕಿನಲ್ಲಿ ಓದುತ್ತಿದ್ದಾರೆ. ಕೇಳಿ.”

ಫೋನಿನೊಳಗಿಂದ ಪ್ರತಾಪರ ತುಂಬು ಕಂಠ ತೇಲಿಬಂತು. ಇಪ್ಪತ್ತಾರು ವರ್ಷ ಯಾರ ಕಿವಿಗೂ ಬೀಳದ ಮಾತು.

“‘ಅವ್ವ, ನಂಗೆ ಭಯ ಆಗ್ತೈತೆ. ನಿನ್ನತ್ರ ಸುಳ್ಳು ಯಾಕೆ ಹೇಳ್ಲಿ? ಈ ಬೆಟ್ಟ ನಮ್ಮ ಬೆಟ್ಟದಂಗಲ್ಲ. ಮರೆ ನಿಲ್ಲಕ್ಕೆ ಒಂದು ಗಿಡ ಇಲ್ಲ. ನೆನ್ನೆ ಓಡೋಗ್ಬುಡಾಣ ಅನ್ನಿಸ್ತು…’ ಕೇಳಿದಿರಾ? ಇದು ನಿಮ್ಮ ವೀರ! ಇದು ಅಸಲು, ಬೇಕಾದವರು ಮುಟ್ಟಿ ನೋಡಿ.”

ಗದ್ದಲ. ಅದರ ನಡುವೆ ಯಾರೋ “ಚೆಲುವಮ್ಮ, ಕೂತ್ಕೊ, ಕೂತ್ಕೊ” ಎನ್ನುತ್ತಿದ್ದರು.

 ಈ ಕಾಗದವನ್ನು ಸುಳ್ಳೆನ್ನುವಂತಿರಲಿಲ್ಲ. ಸತ್ಯವನ್ನು ಹುಡುಕಿ ಹೊರಟವಳ ಕೈಗೆ ಸತ್ಯವೇ ಮುಳ್ಳಾಗಿ ಚುಚ್ಚಿತ್ತು.

“ಅಷ್ಟೇ ಅಲ್ಲ ತಾಯಿ,” ಎಂದ ಬಸವಯ್ಯ, ಎದ್ದು ನಿಲ್ಲುತ್ತಾ. ಅವನ ಧ್ವನಿ ಬದಲಾಗಿತ್ತು. “ಅಷ್ಟಕ್ಕೇ ಮುಗಿಯಲ್ಲ ಕಾಗದ. ಎರಡನೇ ಹಾಳೆ ಐತೆ. ಅದನ್ನ ನಾನು ಸಾಹುಕಾರ್ರಿಗೆ ಕೊಡ್ಲಿಲ್ಲ, ಒಂದೇ ಹಾಳೆ ಬಂದಿದ್ದು ಅಂತ ಹೇಳ್ಬುಟ್ಟೆ. ಬದುಕ್ನಲ್ಲಿ ಅದೊಂದು ಒಳ್ಳೆ ಕೆಲ್ಸ ಮಾಡೀನಿ.”

ಒಳಗೆ ಹೋಗಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಹೊದಿಕೆಯೊಂದನ್ನು ತಂದ. ಕಾರ್ಡಿನ ಹಿಂದೆ ನಾಲ್ಕು ಮಡಿಕೆಯ ಹಾಳೆಯೊಂದಿತ್ತು.

ಮಾನಸ ಅದನ್ನು ಬಿಡಿಸಿ ನೋಡಿದಳು. ಕೈಬರಹ ಧರ್ಮನದಲ್ಲ. ದೊಡ್ಡ ದೊಡ್ಡ, ಓರೆಯಾದ ಅಕ್ಷರಗಳು. ಮೊದಲೆರಡು ಸಾಲು ಓದುತ್ತಿದ್ದಂತೆ ಅವಳ ಬೆನ್ನು ತಾನೇ ನೆಟ್ಟಗಾಯಿತು.

“ಶೀಲಾ ಮೇಡಂ! ನಿಮ್ಮ ಫೋನನ್ನು ಮೈಕಿಗೆ ಹಿಡಿಯಿರಿ. ಅಧ್ಯಕ್ಷರು ಅರ್ಧ ಓದಿದ್ದಾರೆ. ಉಳಿದರ್ಧ ನನ್ನ ಕೈಯಲ್ಲಿದೆ.”

ಮೈಕು ಒಮ್ಮೆ ಕಿರುಚಿ ಸುಮ್ಮನಾಯಿತು. ಮಾನಸ ಓದಿದಳು. ಉತ್ತರದ ಸೀಮೆಯ ಆ ಕನ್ನಡ ಅವಳ ನಾಲಿಗೆಗೆ ಹೊಸದು. ಆದರೂ ಒಂದಕ್ಷರ ಬಿಡದೆ, ಪ್ರಾರ್ಥನೆಯಂತೆ ಓದಿದಳು.

“‘ಯವ್ವಾ, ನಿಮ್ಮ ಮಗ ಬರದಿಟ್ಟ ಹಾಳಿ ಅವನ ಕಿಸೇದಾಗ ಸಿಕ್ತು. ಮುಗಸಾಕ ಅವಗ ಆಗಲಿಲ್ಲ. ಉಳದದ್ದು ನಾ ಬರೀತೀನಿ. ನಾ ಸಿದ್ರಾಮ ಹೂಗಾರ, ಅವನ ಜೋಡಿ ಇದ್ದಾಂವ. ಯವ್ವಾ, ಹೆದರಿ ಓಡಿದಾಂವ ನಾನು, ನಿಮ್ಮ ಮಗ ಅಲ್ಲ. ಬಂಡಿಗಲ್ಲಿನ ಹಿಂದ ಕುಂತು ಅಳಾಕತ್ತಿದ್ದೆ. ಅಂವ ತೆವಳಿಕೊಂತ ಬಂದ, ಬೈಲಿಲ್ಲ, ಬಡೀಲಿಲ್ಲ. ನಿಮ್ಮ ಕಡೆ ಮಾತಿನಾಗ ಅಂದ: ನಂಗೂ ಭಯ ಆಗ್ತೈತೆ ಕಣೋ ಮಾರಾಯ, ಅದ್ಕೇ ಇಬ್ರೂ ಜೊತೇಲಿ ಹೋಗಾಣ ಬಾ.’”

ಮಾನಸ ಹಾಳೆಯ ಹಿಂಬದಿ ತಿರುವಿದಳು.

“‘ಮರುದಿನ ಮ್ಯಾಲ ಹತ್ತಿದ್ವಿ. ಮುಂದ ಅಂವ, ಹಿಂದ ನಾ. ಮೊದಲ ಗುಂಡು ಅವಗ ಬಿತ್ತು. ಆದ್ರೂ ನಿಲ್ಲಲಿಲ್ಲ. ಬಂಕರಿನೊಳಗ ಹೋಗಿ ಅವರ ಮಷಿನ್‌ಗನ್ ಬಾಯಿ ಮುಚ್ಚಿಸಿದ ಮ್ಯಾಲೇ ಬಿದ್ದ. ಅದಕ್ಕ ನಾವು ಹದಿಮೂರು ಮಂದಿ ಉಳದೇವಿ. ಅಂಜಿಕಿ ಇಲ್ಲದಾಂವ ಹೋಗೂದು ದೊಡ್ಡದಲ್ಲ ಯವ್ವಾ. ಅಂಜಿಕೀನ ಕೈ ಹಿಡಕೊಂಡು ಕರಕೊಂಡು ಹೋದಾಂವ ನಿಮ್ಮ ಮಗ. ನಾ ನಿಮ್ಮೂರಿಗೆ ಬರ್ತೀನಿ. ಊರ ಮುಂದ ನಿಂತು ಓಡಿದಾಂವ ನಾ ಅಂತ ಹೇಳ್ತೀನಿ. ಇದು ನಿಮ್ಮ ಮಗನ ಆಣಿ.’”

ಹುಚ್ಚಣ್ಣ ಟೋಪಿ ಸರಿಪಡಿಸಿಕೊಂಡು, ಯಾರೂ ಹೇಳದೆಯೇ, ಅಂಗಳದ ನಡುವೆ ಸೆಟೆದು ನಿಂತ.

ಫೋನಿನಲ್ಲಿ ಮೊದಲು ಕೇಳಿಸಿದ್ದು ಚೆಲುವಮ್ಮನ ದನಿ. ಅಳುವಲ್ಲ. “ಅದು ನನ್ ಮಗನ ಮಾತೇಯ! ಚಿಕ್ಕೋನಿದ್ದಾಗ ಹೊಳೆ ದಾಟ್ಬೇಕಾದ್ರೂ ಹಂಗೇ ಅನ್ನೋನು. ನಂಗೂ ಭಯ ಕಣವ್ವ, ಇಬ್ರೂ ಹೋಗಾಣ ಬಾ ಅನ್ನೋನು. ಕೇಳಿಸ್ಕಂಡ್ರೇನ್ರಪ್ಪಾ ಎಲ್ರೂ? ಅದು ನನ್ ಧರ್ಮನೇಯ!”

ಚಪ್ಪಾಳೆ ಮಳೆಯಂತೆ ಸುರಿಯಿತು.  ತಾನು ಹುಟ್ಟುವುದಕ್ಕೂ ಮೊದಲೇ ಸತ್ತಿದ್ದ ಆ ಸೈನಿಕನನ್ನು ಮಾನಸ ಇಂದು ಮುಖಾಮುಖಿ ಕಂಡಂತಿತ್ತು. ಇಷ್ಟು ದಿನ ಊರು ಅವನ ಹೆಸರಿನಲ್ಲಿ ಕಟ್ಟಿದ್ದು ಕಲ್ಲಿನ ವಿಗ್ರಹ. ಈಗ ಎದ್ದು ಬಂದವನು ಮನುಷ್ಯ, ಆ ವಿಗ್ರಹಕ್ಕಿಂತ ಎತ್ತರದವನು.

ಚಪ್ಪಾಳೆ ಇಳಿಯುವವರೆಗೆ ಕಾದು ಪ್ರತಾಪ್ ಮಾತಾಡಿದರು. ಧ್ವನಿಯಲ್ಲಿ ಒಂದಿಷ್ಟೂ ಕದಲಿಕೆಯಿಲ್ಲ.

“ಚೆನ್ನಾಗಿ ಓದಿದಿರಿ ಇನ್ಸ್‌ಪೆಕ್ಟರ್. ಆದರೆ ಒಂದು ಕಾಗದ ನಕಲು ಎಂದು ನೀವೇ ಈಗ ತೋರಿಸಿದಿರಿ. ಇದು ಧರ್ಮನ ಕೈಬರಹವೂ ಅಲ್ಲ. ಯಾರು ಈ ಸಿದ್ರಾಮ? ಆಣೆ ಮಾಡಿದವನು ಇಪ್ಪತ್ತಾರು ವರ್ಷವಾದರೂ ಯಾಕೆ ಬರಲಿಲ್ಲ? ಕರೆತನ್ನಿ ಅವನನ್ನು. ನಾಳೆ ಸಂಜೆಯವರೆಗೆ ಸಮಿತಿ ಕಾಯುತ್ತದೆ. ಅವನು ಬಂದು ಈ ವೇದಿಕೆಯ ಮೇಲೆ ನಿಂತು ಹೇಳಲಿ, ಫಲಕಕ್ಕೆ ಮೊದಲ ಹಾರ ನಾನೇ ಹಾಕುತ್ತೇನೆ. ಬರದಿದ್ದರೆ ಮನವಿ ದೆಹಲಿಗೆ ಹೋಗುತ್ತದೆ.”

ಸಭೆ ಗೊಣಗಿತು. ಮಾತು ನ್ಯಾಯದಂತೆಯೇ ಕೇಳುತ್ತಿತ್ತು. ಆದರೆ ಮಾನಸಳ ಕಿವಿ ಬೇರೆಯದನ್ನು ಹಿಡಿಯಿತು. ಆ ಧ್ವನಿಯಲ್ಲಿ ಸವಾಲೆಸೆದವನ ಆತಂಕವಿರಲಿಲ್ಲ. ಬಾರದವನನ್ನು ಕರೆಯುತ್ತಿರುವವನ ನೆಮ್ಮದಿಯಿತ್ತು.

“ತರುತ್ತೇನೆ,” ಎಂದಳು ಅವಳು. “ಯಾವ ಊರಿನಲ್ಲಿದ್ದರೂ ಹುಡುಕಿ ತರುತ್ತೇನೆ.”

“ಹುಡುಕ್ಬೇಡಿ ತಾಯಿ,” ಎಂದ ಬಸವಯ್ಯ.

ಅವನು ಬಾಗಿಲ ಚೌಕಟ್ಟಿಗೆ ಒರಗಿದ್ದ. 

“ಅವ್ನು ಬಂದಿದ್ದ. ಎರಡು ಸಾವಿರನೇ ಇಸ್ವಿ, ಡಿಸೆಂಬರ್. ಕಾಫಿ ಕೊಯ್ಲು ನಡೀತಿತ್ತು. ಮಿಲ್ಟ್ರಿ ಕ್ರಾಪು, ಕುಂಟ್ತಾ ಇದ್ದ. ಆಫೀಸಿಗೆ ಬಂದು ‘ಧರ್ಮನ ತಾಯಿ ಮನೀ ಯಾವುದರೀ?’ ಅಂತ ಕೇಳ್ದ. ಲೈನಿಗೆ ಹೊಸಬ್ರು ಹೋಗ್ಬೇಕಾದ್ರೆ ಮೊದ್ಲು ಬಂಗಲೆಗೆ ಹೋಗಿ ಅಪ್ಪಣೆ ಇಸ್ಕಬೇಕು, ಅದು ಎಸ್ಟೇಟಿನ ಪದ್ಧತಿ. ಪದ್ಧತಿ ಅಂದ್ರೆ ನಂಗೆ ವೇದ. ಬಂಗಲೆ ದಾರಿ ನಾನೇ ಕೈ ತೋರ್ಸಿ ಕಳಿಸ್ದೆ.”

“ಆಮೇಲೆ?”

“ಹೋದ. ಅಲ್ಲಿಂದ ಇಳೀಲಿಲ್ಲ. ಲೈನಿಗೂ ಬರ್ಲಿಲ್ಲ, ಬಸ್ಸಿಗೂ ಹೋಗ್ಲಿಲ್ಲ. ಮಾರನೇ ದಿವ್ಸ ಸಾಹುಕಾರ್ರು ‘ನಿನ್ನೆ ಯಾರೂ ಬಂದಿಲ್ಲ ಬಸವಯ್ಯ’ ಅಂದ್ರು. ನಾನು ‘ಹೌದು ಬುದ್ದಿ, ಯಾರೂ ಬಂದಿಲ್ಲ’ ಅಂದೆ.” ಮುದುಕನ ಕೈ ಮೆಲ್ಲನೆ ಮೇಲೆದ್ದು ಅಟ್ಟದ ಕತ್ತಲೆಯತ್ತ ಚಾಚಿತು. “ಭಾರ ಅಂತ ಚೀಲ ನನ್ ಟೇಬಲ್ ಕೆಳಗೆ ಬುಟ್ಟು ಹೋಗಿದ್ದ. ‘ಸಂಜೀಕ ಬಂದು ತಗೋತೀನ್ರಿ’ ಅಂದಿದ್ದ. ಇಪ್ಪತ್ತೈದು ವರ್ಷ ಆಯ್ತು. ಅಲ್ಲೈತೆ.”

ಹುಚ್ಚಣ್ಣ ಏಣಿಗೆ ಕೈ ಹಾಕಿದ. ಅದೇ ಕ್ಷಣ ಮಾನಸಳ ಕೈಯಲ್ಲಿದ್ದ ಫೋನು ಸಣ್ಣಗೆ ಮಾತಾಡಿತು. ಕರೆಯನ್ನು ಅವಳು ಕಡಿದಿರಲಿಲ್ಲ.

“ಮೇಡಂ,” ಎಂದರು ಶೀಲಾ.  “ಫೋನ್ ಇನ್ನೂ ಮೈಕಿನ ಮುಂದೆಯೇ ಇದೆ. ಎಲ್ಲರಿಗೂ ಕೇಳಿಸಿತು. ಪ್ರತಾಪ್ ಅವರ ಕುರ್ಚಿ ಖಾಲಿಯಾಗಿದೆ.”